ಬಾಗಿಲಾಚೆಗೆ ಹೋದ ಪರಮಪ್ರಸಾದ

ಹೋದ ವರ್ಷ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದ ಎರಡನೆಯ ಭಾನುವಾರ, ಬೆಳಗಿನ ಪೂಜೆಯಲ್ಲಿ ಪರಮಪ್ರಸಾದದ ಅಪ್ಪ ಹಂಚುತ್ತಿದ್ದ ಹೊತ್ತಿನಲ್ಲಿ, ನಾನು ನಮ್ಮ ಚರ್ಚಿನ ಎಡಸಾಲಿನ ಮೊದಲ ಬೆಂಚಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಅಲ್ಲಿಂದ ಪೂಜಾಪೀಠ ಕಾಣುತ್ತದೆ. ತಲೆ ತಿರುಗಿಸಿದರೆ ದೊಡ್ಡ ಬಾಗಿಲೂ ಕಾಣುತ್ತದೆ. ನಡುವೆ ಕಂಬವಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಂದು ಅಲ್ಲಿ ಇಲ್ಲದವರೂ ಈಗ ಅದನ್ನು ವರ್ಣಿಸುತ್ತಿದ್ದಾರೆ. ಅಂದು ಮೊದಲ ಸಲ ಪರಮಪ್ರಸಾದ ಪಡೆಯಲು ಬಂದಿದ್ದ ಒಬ್ಬ ಹುಡುಗಿಗೆ ಗುರುಗಳು ಅದನ್ನು ಕೊಡದೆ ಮನೆಗೆ ಕಳಿಸಿದರು ಎಂಬ ಮಾತು ಚಿಕ್ಕನಾಯಕನಹಳ್ಳಿಯವರೆಗೂ ಹೋಗಿದೆ. ಈ ವರ್ಷ ಅವಳು ಅದರ ಮುಂದಿನ ಮೆಟ್ಟಿಲಾದ ದೃಢೀಕರಣ ಸಂಸ್ಕಾರ ಪಡೆಯಬೇಕು. ಪ್ರಥಮ ಪರಮಪ್ರಸಾದವೇ ಆಗದವಳಿಗೆ ಅದೆಲ್ಲಿಯದು ಎಂದು ಕೇಳುವವರು ಹುಟ್ಟಿಕೊಂಡಿದ್ದಾರೆ. ಹಾಗಾಗಿ ನಾನು ಕಂಡದ್ದನ್ನು, ಕಂಡಷ್ಟೇ ಬರೆಯುತ್ತೇನೆ.

ನಮ್ಮದು ಸಣ್ಣ ಸಭೆ. ತಿಪಟೂರಿನ ಸುತ್ತಮುತ್ತ ಕೆಲಸದಲ್ಲಿರುವ ಕೆಲವು ಕುಟುಂಬಗಳು, ಅಷ್ಟೆ. ಭಾನುವಾರ ಪೂಜೆಯಾದ ಮೇಲೆ ನಾನು ಹರೆಯದವರಿಗೆ ಧರ್ಮೋಪದೇಶ ಹೇಳುತ್ತೇನೆ. ಆ ಹುಡುಗಿ ಮಾಯಸಂದ್ರದ ಕಡೆಯ ಒಂದು ತೆಂಗಿನ ತೋಟದಿಂದ ಬರುತ್ತಿದ್ದಳು. ಆಗ ಮೊದಲ ಪಿಯುಸಿ. ಅವಳ ತಂದೆ ನಮ್ಮವರು, ತಾಯಿ ಹಿಂದೂ ಮನೆತನದವಳು. ಇಬ್ಬರೂ ಈಗಿಲ್ಲ. ಮಗಳನ್ನು ಚರ್ಚಿಗೆ ಕರೆದುಕೊಂಡು ಹೋಗಬೇಕೆಂದು ತಾಯಿ ಸಾಯುವ ಮುಂಚೆ ತನ್ನ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳಂತೆ. ಆ ತಾತ ಮೊಮ್ಮಗಳನ್ನು ಟಿವಿಎಸ್ ಹಿಂದೆ ಕೂರಿಸಿಕೊಂಡು ಬರುತ್ತಿದ್ದರು. ಚಪ್ಪಲಿ ಬಿಟ್ಟು, ಹೆಗಲ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಹೊಸ್ತಿಲ ಆಚೆ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಬರುತ್ತಿರಲಿಲ್ಲ. ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದರು.

ಆ ಭಾನುವಾರಕ್ಕೆ ಹಿಂದಿನ ತಿಂಗಳು ಪಾಠದಲ್ಲಿ ಕೃತಜ್ಞತೆಯ ವಿಷಯ ಬಂದಿತ್ತು. ಪರಮಪ್ರಸಾದವೆಂದರೆ ದೇವರಿಗೆ ಸಲ್ಲಿಸುವ ಕೃತಜ್ಞತೆ ಎಂದು ಹೇಳಿ, ನಿಮ್ಮ ನಿಮ್ಮ ಮನೆಯಲ್ಲಿ ಅದನ್ನು ಹೇಗೆ ತೋರಿಸುತ್ತೀರಿ ಎಂದು ಕೇಳಿದೆ. ಒಬ್ಬ ಹುಡುಗ, ಅವ್ವನ ಫೋಟೊ ಹಾಕಿ ಸ್ಟೇಟಸ್ ಇಡುತ್ತೇನೆ ಎಂದ.

"ಸ್ಟೇಟಸ್ ಆಮೇಲ್ ಇಡುವಂತೆ. ಮೊದ್ಲು ನಿಮ್ಮವ್ವಂಗೆ ಒಂದ್ ಬಿಂದ್ಗೆ ನೀರು ತಂದ್ಕೊಡು ಕಣ್ಲಾ," ಎಂದಳು ಪಕ್ಕದವಳು.

ನಗು ಇಳಿದ ಮೇಲೆ ಈ ಹುಡುಗಿ ತನ್ನ ಮನೆಯ ಪದ್ಧತಿ ಹೇಳಿದಳು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಇಳಿಸಿ ಕೊಬ್ಬರಿ ಬಿಡಿಸುವ ದಿನ, ಮೊದಲ ಕೊಬ್ಬರಿಯನ್ನು ಮನೆಯ ಕಿರಿಯವರು ಒಡೆಯುತ್ತಾರೆ. ಅದರ ಮೊದಲ ಚೂರನ್ನು ತೋಟ ಸಾಕಿದವರ ಬಾಯಿಗೆ ತಾವೇ ಇಡಬೇಕು. ಅವರು ನುಂಗುವವರೆಗೆ ಬೇರೆ ಯಾರೂ ಬಾಯಿಗೆ ಹಾಕುವಂತಿಲ್ಲ. ತಾತನಿಗೆ ಅದನ್ನು ಇಡುವವಳು ತಾನೇ ಎಂದಳು. ಕೃತಜ್ಞತೆ ಎಂದರೆ ಅದೇ ಎಂದು ನಾನು ಹೇಳಿದೆ. ಪರಮಪ್ರಸಾದವನ್ನು ಮನೆಗೆ ಒಯ್ಯಬಾರದು, ಅಲ್ಲೇ ಸ್ವೀಕರಿಸಬೇಕು ಎಂದೂ ಹೇಳಿದ್ದೆ. ಮಂತ್ರಿಸದ ಅಪ್ಪದಲ್ಲಿ ಅಭ್ಯಾಸ ಮಾಡಿಸಿದಾಗ ಅವಳು ಒಂದೂ ತಪ್ಪಿರಲಿಲ್ಲ.

ಆ ಭಾನುವಾರ ಅವಳ ಸರದಿ ಬಂತು. ಗುರುಗಳು "ಕ್ರಿಸ್ತರ ಶರೀರ" ಎಂದರು. "ಆಮೆನ್" ಎಂದಳು. ಅಂಗೈಯಲ್ಲಿ ತೆಗೆದುಕೊಂಡು ಒಂದು ಪಕ್ಕಕ್ಕೆ ಸರಿದಳು. ಬಾಯಿಗೆ ಇಡಲಿಲ್ಲ. ಎರಡೂ ಕೈ ಜೋಡಿಸಿ, ನೀರು ತುಳುಕದಂತೆ ಒಯ್ಯುವವಳ ಹಾಗೆ, ನಡುವಿನ ದಾರಿಯಲ್ಲಿ ಬಾಗಿಲ ಕಡೆಗೆ ನಡೆದಳು. ತಾತ ಮೊಮ್ಮಗಳ ಮುಖ ನೋಡಿ ಬಾಯಿ ತೆರೆದರು. ಅವಳು ಇಟ್ಟಳು. ಅವರು ಕಣ್ಣು ಮುಚ್ಚಿ ನುಂಗಿದರು.

ಹಾಡು ನಿಂತಿತು. ಗುರುಗಳು ಪಾತ್ರೆ ಹಿಡಿದುಕೊಂಡೇ ಮೆಟ್ಟಿಲಿಳಿದು, ನಡುವೆ ನಿಂತು, ಮತ್ತೆ ಹಿಂದಕ್ಕೆ ಹೋದರು. ಕಣ್ಣಲ್ಲೇ ನನಗೆ ಬಾಗಿಲು ತೋರಿಸಿದರು. ನಾನು ಹೋದೆ.

ತಾತ ನನ್ನ ಮುಖ ನೋಡಿದ ಕೂಡಲೇ ಏನೋ ಆಗಿದೆ ಎಂದು ತಿಳಿದರು. ತಾನು ತಿಂದದ್ದೇನು ಎಂದು ಕೇಳಿದರು. ಅದನ್ನು ಹೇಗೆ ಹೇಳುವುದು? ಪಾಠದಲ್ಲಿ ಎಷ್ಟೋ ಸಲ ಹೇಳಿದ ಮಾತು ಆಗ ಬಾಯಿಗೆ ಭಾರವಾಯಿತು. ಅದು ನಮ್ಮ ದೇವರ ಶರೀರ ಎಂದೆ. ಅವರ ಕೈ ತಾನಾಗಿ ಗಂಟಲಿಗೆ ಹೋಯಿತು. ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ಅಷ್ಟ್ ದೊಡ್ಡುದ್ನ ನನ್ ಬಾಯಿಗ್ ಯಾಕ್ ಇಟ್ಟೆ ಮಗಾ," ಎಂದು ಮೊಮ್ಮಗಳನ್ನು ಕೇಳಿದರು.

ಪೂಜೆ ಮುಗಿಸಿ ಗುರುಗಳು ಪೂಜಾವಸ್ತ್ರದಲ್ಲೇ ಬಾಗಿಲಿಗೆ ಬಂದರು. ತಾತ ಎದ್ದು ಕೈಮುಗಿದರು.

"ತಪ್ಪು ನಂದು ಕಣ್ರೀ ಸ್ವಾಮಿ, ಮಗೀನ್ದಲ್ಲ. ಬಾಯಿ ತೆಗೆದೋನು ನಾನು. ಅವಳ್ನ ಹೊರಗ್ ಹಾಕ್ಬ್ಯಾಡಿ. ಅವರವ್ವಂಗೆ ಮಾತ್ ಕೊಟ್ಟಿವ್ನಿ."

ಗುರುಗಳು ಹುಡುಗಿಯನ್ನು ಕರೆದು, ಅವಳು ಮಾಡಿದ್ದು ಆಗಬಾರದ ಕೆಲಸ ಎಂದು ಸ್ಪಷ್ಟವಾಗಿಯೇ ಹೇಳಿದರು. ಇದು ಒಬ್ಬರು ಇನ್ನೊಬ್ಬರಿಗೆ ಹಂಚುವಂಥದ್ದಲ್ಲ, ನಂಬಿ ಬಂದವರು ಸ್ವತಃ ಸ್ವೀಕರಿಸುವಂಥದ್ದು ಎಂದರು. ದನಿ ಏರಿಸಲಿಲ್ಲ. ನಿನಗೆ ಅದು ಬೇಕಿರಲಿಲ್ಲವೇ ಎಂದು ಕೊನೆಗೆ ಕೇಳಿದರು.

"ಬೇಕಿತ್ತು ಫಾದರ್. ನನ್ ಪಾಲು ತಾತಂಗೆ ಕೊಟ್ಟೆ. ಇನ್ನೊಂದು ಕೇಳೋಕಾಯ್ತದಾ?"

ಅವಳು ಅಳುತ್ತಿರಲಿಲ್ಲ. ನಿಜವಾಗಿ ಕೇಳಿದ್ದಳು. ಅವಳ ಲೆಕ್ಕದಲ್ಲಿ ತನ್ನದು ಮುಗಿದಿತ್ತು. ನಿಯಮ ಮೀರಿದ ಮೇಲೆ ಇನ್ನು ಯಾವತ್ತೂ ಸಿಗುವುದಿಲ್ಲವೆಂದು ತಿಳಿದೇ ಕೊಟ್ಟಿದ್ದಳು. ಅದು ನನಗೆ ಆಗ ಅರ್ಥವಾಯಿತು. ಕೃತಜ್ಞತೆಯ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದವನಿಗೆ ಆ ಅಳತೆಯ ಕೃತಜ್ಞತೆ ಅದುವರೆಗೆ ಕಂಡಿರಲಿಲ್ಲ. ಅದು ಕಂಡದ್ದು ಆಗಬಾರದ ರೀತಿಯಲ್ಲಿ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಗೆ ಹಿಡಿದುಕೊಳ್ಳಬೇಕೋ ಇಂದಿಗೂ ನನಗೆ ಗೊತ್ತಿಲ್ಲ.

ಗುರುಗಳು ಅವಳನ್ನು ಒಳಗೆ ಕರೆದೊಯ್ದರು. ನಾನು ಹಿಂದೆಯೇ ಹೋದೆ. ಉಳಿದ ಪರಮಪ್ರಸಾದ ಇಡುವ, ಪೂಜಾಪೀಠದ ಹಿಂದಿನ ಪೆಟ್ಟಿಗೆಯ ಬೀಗ ತೆಗೆದು, ಮಂಡಿಯೂರಿ ಎದ್ದು, ಪರಮಪ್ರಸಾದ ತಂದು ಅವಳ ಮುಂದೆ ಹಿಡಿದರು. ಅವಳು "ಆಮೆನ್" ಎಂದಳು. ಈ ಸಲ ಕೈ ಚಾಚಲಿಲ್ಲ, ಬಾಯಿ ತೆರೆದಳು. ಅವಳು ಸ್ವೀಕರಿಸಿದ್ದನ್ನು ನಾನು ತೋಳಳತೆಯಲ್ಲಿ ನಿಂತು ನೋಡಿದ್ದೇನೆ.

ನನ್ನಂತೆ ಅದನ್ನು ನೋಡಿದವರು ಇನ್ನೂ ಇದ್ದಾರೆ. ಆ ಗುರುಗಳಿಗೆ ಹಾಸನದ ಕಡೆಗೆ ವರ್ಗವಾಗಿದೆ, ಫೋನಿನಲ್ಲಿ ಸಿಗುತ್ತಾರೆ. ಪೀಠದ ಹೂವು ತೆಗೆಯಲು ನಿಂತಿದ್ದ ಸಿಸ್ಟರ್ ಇಲ್ಲೇ ಇದ್ದಾರೆ. ಕೀಬೋರ್ಡಿಗೆ ಬಟ್ಟೆ ಮುಚ್ಚುತ್ತಿದ್ದ ಹೆಣ್ಣುಮಗಳು ಈಗ ತುರುವೇಕೆರೆಯಲ್ಲಿ ಟೀಚರ್. ಮತ್ತೆ ಆ ತಾತ. ಅವಳು ಸ್ವೀಕರಿಸುವಾಗ ಅವರು ಹೊಸ್ತಿಲಲ್ಲಿ ಎದ್ದು ನಿಂತಿದ್ದರು. ಭಾನುವಾರ ಬೆಳಿಗ್ಗೆ ಬಂದರೆ ಅವರನ್ನೂ ಕೇಳಬಹುದು.