ವಿಭೂತಿ ಹಚ್ಚಿದ ವಯೊಲ್

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನವೇ ನಮ್ಮ ಕಾನ್ಸರ್ಟ್ ಬಂದಿತ್ತು. ಸಿಕಂದರಾಬಾದಿನ ಹಳೆಯ ಹಾಲ್ ಒಂದರಲ್ಲಿ ನಾವು ಮೂವರು, ಯುರೋಪಿನ ಶತಮಾನಗಳ ಹಿಂದಿನ ಸಂಗೀತವನ್ನು ಆ ಕಾಲದ ಮಾದರಿಯ ವಾದ್ಯಗಳಲ್ಲಿ, ಆ ಕಾಲದ ಉಡುಪು ತೊಟ್ಟು ನುಡಿಸುತ್ತೇವೆ. ಮೂವರದೂ ವಯೊಲ್: ಮೊಣಕಾಲುಗಳ ನಡುವೆ ಹಿಡಿದು ಬಿಲ್ಲಿನಿಂದ ನುಡಿಸುವ ಆರು ತಂತಿಯ ವಾದ್ಯ. ಅಂದು ನನಗೆ ಮೊದಲ ಸೋಲೋ. ವಯಸ್ಸು ಎಪ್ಪತ್ತೊಂದು. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಂಗೀತದ ಸಿಸ್ಟರ್ ನನ್ನನ್ನು ಯಾವಾಗಲೂ ಹಿಂದಿನ ಸಾಲಿನಲ್ಲೇ ಕೂರಿಸಿ, "ನಾಟ್ ಯೆಟ್, ಚೈಲ್ಡ್" ಎನ್ನುತ್ತಿದ್ದರು. ಆ "ಯೆಟ್" ಬರಲು ಇಷ್ಟು ವರ್ಷ ಹಿಡಿಯಿತು.

ಮಧ್ಯಾಹ್ನ ಸ್ನಾನ ಮುಗಿಸಿ ಬಂದರೆ ವಯೊಲ್ ನನ್ನ ಕೋಣೆಯಲ್ಲಿರಲಿಲ್ಲ. ದೇವರ ಜಗಲಿಯ ಮುಂದೆ, ಮಿಕ್ಸರ್ ಪಕ್ಕದಲ್ಲಿ, ಚೆಂಡುಹೂವಿನ ಹಾರ ಹಾಕಿಕೊಂಡು ಗೋಡೆಗೆ ಒರಗಿತ್ತು. ತಂತಿಗಳ ಮೇಲೆ ಅಡ್ಡಡ್ಡ ಮೂರು ಹಸಿ ವಿಭೂತಿ ಗೆರೆ. ಮೇಲಿನ ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿಮ್ಮ ಸಾರಂಗಿಗೂ ಪೂಜಿ ಮಾಡೀನ್ರಿ ವೈನಿ," ಎಂದಳು ನೆಗೆಣ್ಣಿ, ನನ್ನ ಮೈದುನನ ಹೆಂಡತಿ. "ಸ್ಕೂಟರಿಗೆ ಆತು, ಮಿಕ್ಸರಿಗೆ ಆತು. ಪಾಪ, ಇದೇನು ಮಾಡೇತಿ?"

"ನೀರ ಯಾಕ ಹಾಕಿದಿ?"

"ತಂತಿಗೆ ನೀರ ಬಿದ್ರ ಏನಾಕೈತ್ರಿ? ಒಂದ ತಾಸಿನಾಗ ತುಕ್ಕ ಹಿಡಿತೈತೇನು?"

ಆ ತಂತಿ ಲೋಹದ್ದಲ್ಲ, ಕುರಿಯ ಕರುಳಿನದು. ಮೊಟ್ಟೆಯೂ ಹೊಸ್ತಿಲು ದಾಟದ ಮನೆಯಲ್ಲಿ ಆ ಸಂಗತಿಯನ್ನು ನಾನು ಆರು ವರ್ಷದಿಂದ ಮುಚ್ಚಿಟ್ಟಿದ್ದೆ. ನೀರು ತಾಗಿಸಬೇಡ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಕರುಳಿನ ತಂತಿ ನೆನೆದರೆ ಉಬ್ಬುತ್ತದೆ, ಎಳೆ ಬಿಚ್ಚುತ್ತದೆ, ಬಿಗಿದರೆ ಹರಿಯುತ್ತದೆ. ಸ್ಪೇರ್ ಪರದೇಶದಿಂದ ಬರಬೇಕು. ನನ್ನ ಬಳಿ ಇರಲಿಲ್ಲ.

ಒರೆಸಿ, ಫ್ಯಾನಿನ ಕೆಳಗಿಟ್ಟು, ಕಾರಿನಲ್ಲಿ ಬೇಗಂಪೇಟೆ ದಾಟುವವರೆಗೂ ಸೆರಗಿನಿಂದ ಒತ್ತುತ್ತಲೇ ಇದ್ದೆ.

ಗ್ರೀನ್ ರೂಮಿನಲ್ಲಿ ಗೌನ್ ತೊಟ್ಟೆ. ಹಿಮಾಯತ್‌ನಗರದ ಟೇಲರ್ ಪರದೆಯ ಮಖಮಲ್ಲಿನಿಂದ ಹೊಲಿದದ್ದು. ಬೆನ್ನಿನ ಲಾಡಿ ಬಿಗಿದ ಮೇಲೆ ಅರ್ಧ ಉಸಿರಷ್ಟೇ ಉಳಿಯಿತು. ಮೇಲಿನ ತಂತಿ ಬಿಗಿಯುವ ಕೀಲಿ ತಿರುಗಿಸಿದೆ. ಸ್ವರ ಏರಿತು, ಮತ್ತೆ ಜಾರಿತು. ಮತ್ತೊಂದು ಸುತ್ತು ತಿರುಗಿಸಿದಾಗ ತಂತಿಯಿಂದ ಕೂದಲಿನಂಥ ಎಳೆಯೊಂದು ಎದ್ದು ನಿಂತಿತು. ಕೈ ತೆಗೆದುಬಿಟ್ಟೆ. ವೇದಿಕೆಗೆ ಕರೆ ಬರಲು ಹತ್ತು ನಿಮಿಷವಿತ್ತು.

ನಮ್ಮ ಲೀಡರ್ ನಿವೃತ್ತ ಮಿಲಿಟರಿ ಡಾಕ್ಟರು. ಅವರಿಗೆ ಎಲ್ಲ ಹೇಳಿದೆ, ವಿಭೂತಿ ಸಹಿತ. ಸೋಲೋ ಬಿಟ್ಟುಬಿಡಿ ಎನ್ನುತ್ತಾರೆಂದೇ ಎಣಿಸಿದ್ದೆ. ಅವರು ತಂತಿಯನ್ನು ನಾಡಿ ಹಿಡಿದಂತೆ ಮುಟ್ಟಿ ನೋಡಿದರು.

"ಆ ಕಾಲದಲ್ಲಿ ಟ್ಯೂನರ್ ಎಲ್ಲಿತ್ತು ಮೇಡಂ? ಮೇಲಿನ ತಂತಿ ಎಷ್ಟು ತಡೆಯುತ್ತೋ ಅಷ್ಟೇ ಏರಿಸಿ, ಉಳಿದದ್ದನ್ನು ಅದಕ್ಕೆ ಸೇರಿಸುತ್ತಿದ್ದರು. ಆಪ್ ಸುರ್ ದೀಜಿಯೆ. ನಾವಿಬ್ಬರೂ ಇಳೀತೀವಿ."

ತಂತಿ ತಡೆದಷ್ಟೇ ಸ್ವರ ಕೊಟ್ಟೆ. ಇಬ್ಬರೂ ತಮ್ಮ ವಾದ್ಯಗಳನ್ನು ನನ್ನ ಮಟ್ಟಕ್ಕೆ ಇಳಿಸಿದರು.

ವೇದಿಕೆಯ ಮೇಲೆ ನಾನು ನೋಟ್ಸ್ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಬೆರಳು ಜಾರಿದಾಗಲೆಲ್ಲ ಆ ಎಳೆ ಚುಚ್ಚುತ್ತಿತ್ತು. ಪ್ರತಿ ಸ್ವರದ ಕೊನೆಗೂ, ಈಗ ಹರಿಯಿತು, ಈಗ ಹರಿಯಿತು. ಕೊನೆಯ ದೀರ್ಘ ಸ್ವರ ಅದೇ ತಂತಿಯ ಮೇಲಿತ್ತು. ಬಿಲ್ಲು ತುದಿ ಮುಟ್ಟಿತು, ಅಲ್ಲಿಗೆ ಮುಗಿಯಬೇಕಿತ್ತು. ನಾನು ಬಿಲ್ಲು ತಿರುಗಿಸಿ ಮತ್ತೊಮ್ಮೆ ಎಳೆದೆ. ಉಳಿದಿಬ್ಬರೂ ಗಾಬರಿಯಿಂದ ನನ್ನತ್ತ ನೋಡಿದರು. ನೋಟ್ಸಿನಲ್ಲಿ ಇಲ್ಲ, ಗೊತ್ತು. ಆದರೆ ತಂತಿ ಇನ್ನೂ ನುಡಿಯುತ್ತಿತ್ತು, ನನಗೆ ನಿಲ್ಲಿಸಲಾಗಲಿಲ್ಲ.