ಓಬಕ್ಕನ ಕೆಂಪು ಕ್ಲಿಪ್ಪು

ನಾನು ಸರ್ಕಾರಿ ಶಾಲೆಯ ಟೀಚರು. ರಾಂಪುರದ ಆಚೆಯ ಒಂದು ಹಳ್ಳಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ನನ್ನ ಪಾಲಿಗಿದ್ದಾರೆ. ಒಂಬತ್ತು ವರ್ಷದಲ್ಲಿ ಒಂದು ಮಗುವನ್ನೂ ಓದು ಬಾರದೆ ಮುಂದಕ್ಕೆ ದೂಡಿದವಳಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಹೊಟ್ಟೆಯುರಿಗೆ ಹೇಳುತ್ತಿದ್ದೇನೆ. ಇಷ್ಟು ಮಕ್ಕಳಿಗೆ ಕಲಿಸಿದ ನನಗೆ ಸ್ವಂತ ಅವ್ವನಿಗೆ ಒಂದೇ ಒಂದು ಪಾಠ ಕಲಿಸಲು ವರ್ಷ ಹಿಡಿಯಿತು. ಪಾಠವೂ ದೊಡ್ಡದೇನಲ್ಲ. ಎದೆ ನೋವು ಬಂದರೆ ಕೂತಲ್ಲಿಂದ ಎದ್ದು ಆಸ್ಪತ್ರೆಗೆ ಹೋಗು, ಅಷ್ಟೇ.

ಅವ್ವನ ಹೆಸರು ಓಬಕ್ಕ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಹುಟ್ಟಿ, ಅದೇ ಬೀದಿಯ ಇನ್ನೊಂದು ಮನೆಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಶಾಲೆಯ ಮೆಟ್ಟಿಲು ಹತ್ತಿಲ್ಲ. ಮಗ್ಗದಲ್ಲಿ ಕೂರುವವನು ನಮ್ಮಪ್ಪ ವೆಂಕಟೇಶಪ್ಪ. ಸೀರೆ ಚೆನ್ನಾಗಿ ಬಂದರೆ ಹೊಗಳಿಕೆಯೂ ಅವನಿಗೇ. ಆದರೆ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯುದ್ದಕ್ಕೆ ಹಾಯುವ ಎಳೆಗಳು, ಏರಬೇಕಾದರೆ ಅವ್ವನ ಬೆರಳೇ ಬೇಕು. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ರೇಷ್ಮೆಯನ್ನು ಎಳೆಗೆ ಎಳೆ ಹಿಡಿದು ಹೊಸೆಯಬೇಕು. ಕೆಚ್ಚುವುದು ಎನ್ನುತ್ತೇವೆ. ನಾಲ್ಕು ಸಾವಿರಕ್ಕೂ ಮೇಲೆ ಎಳೆ. ಜಾರದಂತೆ ಬೂದಿ ಮುಟ್ಟಿಸಿಕೊಂಡ ಬೆರಳಲ್ಲಿ ಒಂದೊಂದನ್ನೂ ಹೊಸೆದು ಬಿಡುತ್ತಾಳೆ, ಎರಡು ದಿನದ ಕೆಲಸ.

ಅದಕ್ಕೊಂದು ಕಟ್ಟಳೆ ಇದೆ. ಎಡಗೈಯಲ್ಲಿ ಒಂದು ಹಿಡಿ ಎಳೆ ಹಿಡಿದುಕೊಂಡರೆ, ಆ ಹಿಡಿ ಮುಗಿಯುವವರೆಗೆ ಏಳುವಂತಿಲ್ಲ. ನಡುವೆ ಕೈಬಿಟ್ಟರೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಹರಿಯುತ್ತವೆ. ನಮ್ಮಜ್ಜಿ ಕಲಿಸಿದ ಕಟ್ಟಳೆ ಇದು. ನಾನು ಚಿಕ್ಕವಳಿದ್ದಾಗ ಬಾಗಿಲಲ್ಲಿ ನೆಂಟರು ನಿಂತಿದ್ದರೂ, ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಅವ್ವ ಎದ್ದದ್ದನ್ನು ನೋಡಿಲ್ಲ. ಒಮ್ಮೆ ನಾನು ಜಗಲಿಯಿಂದ ಬಿದ್ದು ಗಲ್ಲ ಒಡೆದುಕೊಂಡಾಗಲೂ, "ಬಂದೆ, ಇನ್ನೊಂದಿಷ್ಟೇ" ಎಂದು ಒಳಗಿಂದಲೇ ಕೂಗಿದ್ದಳು. ಆ ಕಲೆ ಇನ್ನೂ ಇದೆ.

ಹೋದ ವರ್ಷ ಉಗಾದಿಗೆ ಮುಂಚೆ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಅವ್ವನ ಎದೆ ಹಿಂಡಿತಂತೆ. ಹಿಡಿಯಲ್ಲಿ ಎಳೆ ಇದ್ದವು. ಅದನ್ನು ಮುಗಿಸಿ, ನೋವು ಸ್ವಲ್ಪ ಇಳಿದ ಹಾಗಾಯಿತೆಂದು ಇನ್ನೊಂದು ಹಿಡಿ ತೆಗೆದುಕೊಂಡಳು. ಮಧ್ಯಾಹ್ನ ಒಂದು ಗಂಟೆಗೆ ಅಪ್ಪ ಆಚೆ ಮಗ್ಗದಿಂದ ಊಟಕ್ಕೆ ಎದ್ದಾಗ ಅವಳು ಬೆವರಿನಲ್ಲಿ ತೊಯ್ದು ಮಗ್ಗದ ಕಂಬಕ್ಕೆ ಒರಗಿದ್ದಳು. ಎಳೆ ಮಾತ್ರ ಕೈಯಲ್ಲೇ ಇದ್ದವು. ಪಕ್ಕದ ಮನೆಯ ನಾಗಾರ್ಜುನನ ಆಟೋದಲ್ಲಿ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಚಳ್ಳಕೆರೆಗೆ ಕರೆದೊಯ್ದರು. ಅಲ್ಲಿನ ಹೃದಯದ ಡಾಕ್ಟರ್ ಕಾವ್ಯ ನನ್ನನ್ನು ಹೊರಗೆ ಕರೆದು ಹೇಳಿದರು: "ಮೂರು ಗಂಟೆ ತಡ ಮಾಡಿದೀರಿ. ಹೃದಯದ ಒಂದು ಭಾಗ ಹೋಗೇಬಿಟ್ಟೈತೆ. ಇನ್ನೊಂದು ಸಲ ಹಿಂಗೆ ತಡ ಆದ್ರೆ ನಾನೇನೂ ಮಾಡಕ್ಕಾಗಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಾಠ ಮಾಡುವಾಗಲೂ ಫೋನ್ ಮೇಲೆ ಕಣ್ಣು. ಶಾಲೆಗೂ ಮನೆಗೂ ಓಡಾಡುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುತ್ತಿರಲಿಲ್ಲ.

ಅವ್ವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದವಳೇ ಅಡುಗೆಮನೆಗೆ ನುಗ್ಗಿದ್ದೆ. ಹಪ್ಪಳದ ಡಬ್ಬಿ, ಸಂಡಿಗೆ, ಕರಿದು ಎತ್ತಿಟ್ಟ ಎಣ್ಣೆ ಎಲ್ಲ ಹೊರಗೆ ಹೋಯಿತು. ಉಪ್ಪು ಅರ್ಧಕ್ಕಿಳಿಯಿತು. ಬೆಳಿಗ್ಗೆ ಬಸ್‌ಸ್ಟ್ಯಾಂಡ್‌ವರೆಗೆ ನಡಿಗೆ ಶುರುವಾಯಿತು. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಅಂತಾರೆ," ಎಂದಳು ಅವ್ವ, ಸಪ್ಪೆ ಸಾರು ಕಲಸುತ್ತಾ. "ನೀನು ಒಂದನ್ನ ಕಿತ್ಕೊಂಡು ಇನ್ನೊಂದನ್ನ ಉಳಿಸ್ಕೊಳ್ಳಕ್ಕೆ ನೋಡ್ತಿದೀಯ. ನೋಡಾನ."

ನಡಿಗೆಯ ಜಗಳವೇ ಬೇರೆ. "ನಿಮ್ಮಪ್ಪ ದಿನಾ ಮಗ್ಗ ತುಳಿಯಲ್ವಾ, ಅದೂ ನಡಿಗೇನೆ. ಅವರ ಜೊತೆ ಕೂತಿರ್ತೀನಿ, ನಂದೂ ಅದ್ರಾಗೇ ಸೇರಿಸ್ಕೋ" ಎನ್ನುತ್ತಿದ್ದಳು.

ಶಾಲೆಯಲ್ಲಿ ಮಾಡುವಂತೆ ಅವ್ವನಿಗೂ ಚಿತ್ರದ ಕಾರ್ಡು ಬರೆದೆ. ತಿನ್ನಬಹುದಾದ್ದಕ್ಕೆ ಹಸಿರು ಅಂಚು, ಬೇಡದ್ದಕ್ಕೆ ಕೆಂಪು ಅಂಚು. ನೋವು ಬಂದರೆ ಮಾಡಬೇಕಾದ್ದಕ್ಕೆ ನಾಲ್ಕು ಕಾರ್ಡು: ಏಳುವ ಹೆಂಗಸು, ನಾಲಿಗೆ ಕೆಳಗಿಡುವ ಗುಳಿಗೆ, ಆಟೋ, ಆಸ್ಪತ್ರೆ. ಅವ್ವ ಕಾರ್ಡುಗಳನ್ನು ಸರಿಯಾಗಿ ಜೋಡಿಸಿದಳು, ಚಿತ್ರ ಚೆನ್ನಾಗಿದೆ ಎಂದೂ ಹೊಗಳಿದಳು. ಮಧ್ಯಾಹ್ನ ನೋಡಿದರೆ ತಟ್ಟೆಯಲ್ಲಿ ಉಪ್ಪಿನಕಾಯಿ. ಕೆಂಪು ಕಾರ್ಡು ತಂದು ಮುಖಕ್ಕೆ ಹಿಡಿದೆ.

"ಅದ್ರಾಗೆ ಬರ್ದಿರೋದು ಮಾವಿನಕಾಯಿ," ಎಂದಳು. "ಇದು ನಿಂಬೆಕಾಯಿ."

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೇ ತಪ್ಪಾಯಿತು. ತಿಪ್ಪಯ್ಯ ಮೇಷ್ಟ್ರು ಚಹಾ ನೆತ್ತಿಗೇರುವಷ್ಟು ನಕ್ಕರು. ರಿಟೈರ್ ಆಗಲು ಎರಡು ವರ್ಷವಿರುವ ನಮ್ಮ ಹಿರಿಯ ಮೇಷ್ಟ್ರು ಅವರು, ನಾಲ್ಕು-ಐದನೇ ಕ್ಲಾಸು ಅವರದು. ಅವರ ಕೊಠಡಿಯ ಮಗ್ಗಿಯ ಕೂಗು ಟಾರು ರಸ್ತೆಗೆ ಕೇಳುತ್ತದೆ. ನನ್ನ ಮಕ್ಕಳು ಗುಂಪಾಗಿ ಕೂತು ಹುಣಸೆಬೀಜ ಎಣಿಸುವುದನ್ನು ಕಂಡರೆ ಅವರಿಗಾಗದು. ಅವರ ಗಿಳಿಪಾಠ ಕಂಡರೆ ನನಗಾಗದು. ಆರು ವರ್ಷದಿಂದ ಈ ಜಗಳ ನಡೆದೇ ಇದೆ.

"ಚಿತ್ರ ತೋರಿಸಿದ್ರೆ ಚಿತ್ರಾನೇ ಕಲೀತಾರಮ್ಮ," ಎಂದರು. "ನೂರು ಸಲ ಹೇಳಿಸು, ನೂರು ಸಲ ಮಾಡಿಸು. ಅರ್ಥ ಹಿಂದಿಂದ ಬರುತ್ತೆ. ಕಷ್ಟ ಬಂದಾಗ ತಲೆ ಓಡಲ್ಲ, ರೂಢಿ ಓಡುತ್ತೆ."

"ಅರ್ಥ ಆಗದೆ ನೂರು ಸಲ ಹೇಳಿದ್ರೆ ಅದು ಕಲಿಕೆ ಅಲ್ಲ ಸಾರ್, ಶಿಕ್ಷೆ," ಎಂದೆ. "ಯಾಕೆ ಮಾಡಬೇಕು ಅಂತ ಗೊತ್ತಾದೋರು ಒಂದೇ ಸಲಕ್ಕೆ ಮಾಡ್ತಾರೆ."

"ಹಂಗಾದ್ರೆ ನಿಮ್ಮ ತಾಯಿಗೆ ಗೊತ್ತಿಲ್ವಾ?"

ಗೊತ್ತಿತ್ತು, ಅದೇ ಸಂಕಟ. ಯಾವಾಗ ಕೇಳಿದರೂ ನಾಲ್ಕೂ ಹೆಜ್ಜೆ ಪಟಪಟ ಹೇಳುತ್ತಿದ್ದಳು. ಆದರೆ ದಸರಾ ರಜೆಯಲ್ಲಿ ಒಂದು ದಿನ ಮಗ್ಗದ ಕೋಣೆಗೆ ಹೋಗಿ ನೋಡುತ್ತೇನೆ, ಅವ್ವ ಮೊಣಕೈಯಿಂದ ಎದೆ ಒತ್ತಿಕೊಂಡು ಕೆಚ್ಚುತ್ತಿದ್ದಾಳೆ.

"ಗ್ಯಾಸು ಕಣೇ. ಇನ್ನು ನಲವತ್ತು ಎಳೆ ಐತೆ."

ರಟ್ಟೆ ಹಿಡಿದು ಎಳೆದೆ. ಹಿಡಿ ಜಾರಿತು. ಆ ಸಲದ್ದು ಗ್ಯಾಸೇ ಆಗಿತ್ತು. ಸಿಕ್ಕು ಬಿಡಿಸಲು ಅವ್ವ-ಅಪ್ಪನಿಗೆ ಸಂಜೆಯಾಯಿತು. ಇಬ್ಬರೂ ನನ್ನ ಜೊತೆ ಮಾತು ಬಿಟ್ಟರು. ನಾನು ಹಿತ್ತಲಲ್ಲಿ ನಿಂತು ಅತ್ತೆ. ಸಾಯುವುದೂ ಇವಳಿಗೆ ಹಿಡಿ ಮುಗಿದ ಮೇಲೆಯೇ ಎಂದು ಸಿಟ್ಟು, ಭಯ ಎರಡೂ.

ಮಾರನೆಯ ದಿನ ಕನ್ನಡಿ ಮುಂದೆ ಕೂದಲು ಎತ್ತಿ ಕ್ಲಿಪ್ಪು ಹಾಕಿಕೊಳ್ಳುತ್ತಿದ್ದಾಗ ಕೈ ಹಾಗೇ ನಿಂತಿತು. ನನ್ನ ಕೂದಲೂ ಒಂದು ಹಿಡಿ. ಕ್ಲಿಪ್ಪು ಹಾಕಿದರೆ ಸಂಜೆವರೆಗೆ ಅಲ್ಲಾಡುವುದಿಲ್ಲ. ಆರು ತಿಂಗಳು ಏಳು ಏಳು ಎಂದು ಬಡಕೊಂಡೆನೇ ಹೊರತು, ಎದ್ದರೆ ಎಳೆಗಳನ್ನು ಏನು ಮಾಡಬೇಕು ಎಂದು ಒಮ್ಮೆಯೂ ಹೇಳಿರಲಿಲ್ಲ. ಥತ್, ಎಂಥ ಟೀಚರು ನಾನು!

ಆ ಕೆಂಪು ಪ್ಲಾಸ್ಟಿಕ್ ಕ್ಲಿಪ್ಪಿನ ಹಲ್ಲಿಗೆ ಮೆತ್ತನೆಯ ಬಟ್ಟೆ ಸುತ್ತಿ ಅವ್ವನ ಮುಂದಿಟ್ಟೆ. ಮೂಗು ಮುರಿದಳು. ಆಮೇಲೆ ತಾನೇ ಒಂದು ಹಿಡಿಗೆ ಹಾಕಿ, ಕೈಬಿಟ್ಟು, ಉಸಿರು ಹಿಡಿದು ನೋಡಿದಳು. ಎಳೆಗಳು ಇದ್ದಲ್ಲೇ ಇದ್ದವು. ಎರಡು ಸಲ ತೆಗೆದು ಹಾಕಿದಳು.

"ನಿಮ್ಮಜ್ಜಿ ಇದ್ದಿದ್ರೆ ಬೈಯೋಳು," ಎಂದಳು. ಕ್ಲಿಪ್ಪನ್ನು ಮಾತ್ರ ವಾಪಸು ಕೊಡಲಿಲ್ಲ.

ಅಲ್ಲಿಂದ ಮುಂದೆ ನಾನು ತಿಪ್ಪಯ್ಯ ಮೇಷ್ಟ್ರ ದಾರಿ ಹಿಡಿದೆ, ಅವರಿಗೆ ಹೇಳದೆ. ಅವ್ವ ಕೆಚ್ಚಲು ಕೂತ ದಿನ ಹೊತ್ತುಗೊತ್ತಿಲ್ಲದೆ, "ಅವ್ವ, ಎದ್ದೇಳು" ಎನ್ನುತ್ತಿದ್ದೆ. ಕ್ಲಿಪ್ಪು ಹಾಕಬೇಕು, ಏಳಬೇಕು, ಸೆರಗಿನ ಗಂಟಿನಲ್ಲಿರುವ ಗುಳಿಗೆ ಮುಟ್ಟಿ ನೋಡಬೇಕು, ನಾಗಾರ್ಜುನನ ಬಾಗಿಲವರೆಗೆ ನಡೆದು ಬರಬೇಕು. ನಾನಿಲ್ಲದಾಗ ಅಪ್ಪ ಕೂಗುತ್ತಿದ್ದ. "ಈ ಅಪ್ಪ ಮಗಳು ನನ್ನ ಕುರಿ ಮಾಡ್ಕೊಂಡವ್ರೆ" ಎಂದು ಅವ್ವ ಬೀದಿಗೆಲ್ಲ ಕೇಳುವಂತೆ ಗೊಣಗುತ್ತಾ ಹೋಗಿಬರುತ್ತಿದ್ದಳು. ಕೊನೆಗೊಮ್ಮೆ ಮೇಷ್ಟ್ರಿಗೆ ಹೇಳಲೇಬೇಕಾಯಿತು.

"ನೋಡ್ದ್ಯಾ? ನೀನೂ ನೂರು ಸಲ ಮಾಡಿಸ್ದೆ," ಎಂದರು, ಹಲ್ಲು ಕಿರಿದು.

"ಕ್ಲಿಪ್ಪು ಇಲ್ದಿದ್ರೆ ಸಾವಿರ ಸಲ ಮಾಡಿಸಿದ್ರೂ ಏಳ್ತಿರಲಿಲ್ಲ ಸಾರ್."

"ಅದನ್ನೂ ಒಪ್ಕೊಂತೀನಿ. ಒಂದು ಕಪ್ ಚಹಾ ಕುಡಿಸು."

ಈ ಫೆಬ್ರವರಿಯಲ್ಲಿ ಒಂದು ಮಂಗಳವಾರ, ಬಿಸಿಯೂಟದ ಹೊತ್ತಿಗೆ ನಾಗಾರ್ಜುನನ ಫೋನ್ ಬಂತು. "ಅಕ್ಕಾ, ಗಾಬರಿ ಆಗಬ್ಯಾಡ. ಓಬಕ್ಕ ತಾನೇ ಎದ್ದು ನಮ್ಮ ಬಾಗಿಲಿಗೆ ಬಂದ್ರು. ಬಾಯಾಗೆ ಗುಳಿಗೆ ಇತ್ತು. ದಿನದ ಹಂಗೆ ಪಾಠ ಅನ್ಕೊಂಡು ನಾನು ನಕ್ಕೆ. 'ಇವತ್ತು ನಿಜವಾಗ್ಲೂ ಕಣಪ್ಪ' ಅಂದ್ರು. ತಾಲೂಕು ಆಸ್ಪತ್ರೆಯಿಂದ ಚಳ್ಳಕೆರೆಗೆ ಕಳಿಸಿದಾರೆ, ನಿಮ್ಮಪ್ಪ ಜೊತೆಗವ್ರೆ."

ಚಳ್ಳಕೆರೆ ತಲುಪುವವರೆಗೆ ಬಸ್ಸಿನ ಸೀಟಿನ ಕಂಬಿ ಹಿಡಿದು ನಿಂತೇ ಇದ್ದೆ. ಅವ್ವ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡಿದ್ದಳು. ಕಾವ್ಯ ಡಾಕ್ಟರು ಇಸಿಜಿ ನೋಡುತ್ತಾ, "ಇಪ್ಪತ್ತೈದು ನಿಮಿಷಕ್ಕೆ ತಾಲೂಕು ಆಸ್ಪತ್ರೆ ಸೇರಿದಾರೆ. ಅದಕ್ಕೇ ಉಳಿದ್ರು. ಯಾರು ಕಲಿಸಿದ್ದು?" ಎಂದರು. ನಾನೇ ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಇನ್‌ಸ್ಪೆಕ್ಟರಿಗೂ ಉತ್ತರ ಕೊಟ್ಟಿಲ್ಲ.

ಮಾರನೆಯ ದಿನ ಸಂಜೆ ರಕ್ತನಾಳಕ್ಕೆ ಸ್ಟೆಂಟ್ ಹಾಕುವುದೆಂದಾಯಿತು. ಅವ್ವನಿಗೆ ಹೆದರಿಕೆ. "ಬಟ್ಟೆ ತಗೊಂಡು ಬೇಗ ಬಾ. ಒಳಗೆ ಹೋಗಾಕೆ ಮುಂಚೆ ನಿನ್ನ ಮುಖ ನೋಡ್ಬೇಕು" ಎಂದು ಬೆಳಿಗ್ಗೆ ಕೈ ಹಿಡಿದು ಹೇಳಿದಳು. ಹನ್ನೊಂದಕ್ಕೆ ಮನೆ ತಲುಪಿದೆ. ಅವಳ ಎರಡು ಸೀರೆ ಮಡಚಿ ಚೀಲಕ್ಕಿಟ್ಟು, ಫೋನ್ ಚಾರ್ಜಿಗೆ ಹಾಕಿ, ಮಗ್ಗದ ಕೋಣೆಗೆ ಇಣುಕಿದೆ.

ಅರ್ಧ ಕೆಚ್ಚಿದ ಹಾಸು. ಉಳಿದ ಹಿಡಿಗೆ ಕೆಂಪು ಕ್ಲಿಪ್ಪು. ಒಂದೇ ಒಂದು ಎಳೆ ಆಚೀಚೆಯಾಗಿರಲಿಲ್ಲ. ಎದೆಯಲ್ಲಿ ಅಂಥ ನೋವು ಇಟ್ಟುಕೊಂಡು ಅವ್ವ ಅದನ್ನು ನೇರವಾಗಿ ಹಾಕಿ ಎದ್ದಿದ್ದಳು. ನನಗೆ ದುಃಖ ತಡೆಯಲಾಗಲಿಲ್ಲ. ಅಲ್ಲೇ ಕೂತು ಅತ್ತೆ. ಆಮೇಲೆ, ಈ ಒಂದು ಹಿಡಿ ನಾನು ಕೆಚ್ಚಿಟ್ಟರೆ ಅವ್ವನಿಗೆ ಸಮಾಧಾನವಾದೀತು ಅನಿಸಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬೆರಳಿಗೆ ಬೂದಿ ಮುಟ್ಟಿಸಿ ಕ್ಲಿಪ್ಪು ತೆಗೆದೆ.

ಹದಿನಾರನೇ ವಯಸ್ಸಿಗೆ ಬಿಟ್ಟ ಕೆಲಸ. ಆದರೂ ಬೆರಳು ಮರೆತಿರಲಿಲ್ಲ. ಎರಡು ದಿನದಿಂದ ಒಂದು ಕಡೆ ನಿಲ್ಲದ ಮನಸ್ಸು ಮೊದಲ ಸಲ ನಿಂತಿತು. ನಡುಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಹಿಡಿಯಲ್ಲಿ ಇನ್ನೂ ಅರ್ಧ ಇತ್ತು. ಬಂದೆ, ಇನ್ನೊಂದಿಷ್ಟೇ, ಅಂದುಕೊಂಡೆ. ನಿಂತಿತು, ಮತ್ತೆ ಹೊಡೆದುಕೊಂಡಿತು. ಶಾಲೆಯವರು ಇರಬೇಕು ಎಂದುಕೊಂಡೆ. ಮೂರನೇ ಸಲವೂ ಬೆರಳು ನಿಲ್ಲಲಿಲ್ಲ.

ಬಾಗಿಲಲ್ಲಿ ನಾಗಾರ್ಜುನ ನಿಂತಿದ್ದ. "ಅಕ್ಕಾ, ಫೋನ್ ಎತ್ತಲ್ವಂತಲ್ಲ. ನಿಮ್ಮಪ್ಪ ನಂಗೆ ಮಾಡಿದ್ರು. ಸಂಜೆ ಅಲ್ವಂತೆ, ಈಗ್ಲೇ ಒಳಗೆ ಕರ್ಕೊಂಡು ಹೋಗ್ತಾರಂತೆ. ಓಬಕ್ಕ ನಿನ್ನ ಜೊತೆ ಮಾತಾಡ್ಬೇಕು ಅಂತ ಕಾಯ್ತಿದ್ರಂತೆ."

ಅವನ ಫೋನಿನಿಂದಲೇ ಮಾಡಿದೆ. "ಈಗ ಕರ್ಕೊಂಡು ಹೋದ್ರಮ್ಮ," ಎಂದ ಅಪ್ಪ.

ಕೈಯಲ್ಲಿದ್ದ ಹಿಡಿಯನ್ನು ಹಾಗೇ ಬಿಟ್ಟು ಎದ್ದೆ. ಅದು ಸಿಕ್ಕಾಯಿತೋ ಹರಿಯಿತೋ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ: ಅವಳು ಹೊರಗೆ ಬರದಿದ್ದರೆ, ನನ್ನ ಕೊನೆಯ ಉತ್ತರ ಬರೀ ಹೊಡೆದುಕೊಂಡು ನಿಂತ ಫೋನು.

ಬಂದಳು. ಮೂರು ಗಂಟೆಗೆ ನನ್ನನ್ನು ಒಳಗೆ ಬಿಟ್ಟರು. ಮುಖ ಬಾಡಿತ್ತು, ಕಣ್ಣು ಮಾತ್ರ ಎಚ್ಚರವಾಗಿತ್ತು. ಅವಳು ಮೊದಲು ನೋಡಿದ್ದು ನನ್ನ ಬೆರಳುಗಳನ್ನು. ಬೂದಿ ಇನ್ನೂ ಹಾಗೇ ಇತ್ತು.

"ಕ್ಲಿಪ್ಪು ಹಾಕಿ ಬಂದ್ಯಾ?"

"ಇಲ್ಲವ್ವ."

ನನ್ನ ಗಲ್ಲದ ಹಳೆಯ ಕಲೆಯನ್ನು ಹೆಬ್ಬೆರಳಿನಿಂದ ಸವರಿದಳು.

"ಮೂರು ಸಲ ಫೋನ್ ಮಾಡಿಸ್ದೆ ಕಣೇ," ಎಂದಳು. "ನಾನು ಎದ್ದು ಬಂದೆ. ನೀನೇ ಏಳಲಿಲ್ಲ."