ಮದುಮಗಳ ಬೆನ್ನಿಗೊಂದು ಹಿಮ

ಬಿಸಿಲು ಇನ್ನೂ ಕಣಿವೆಗೆ ಇಳಿದಿಲ್ಲ. ಊರ ಮೇಲಿನ ಚಪ್ಪಟೆ ಬಂಡೆಯ ಮುಂದೆ ಮೊಣಕಾಲೂರಿ ಕನೀಜ್ ಕ್ಯಾಮೆರಾಕ್ಕೆ ಕಣ್ಣಿಟ್ಟಿದ್ದಾಳೆ. ಎಡಕ್ಕೆ ಸರಿಯುತ್ತಾಳೆ, ಬಲಕ್ಕೆ ಸರಿಯುತ್ತಾಳೆ. "ಹೋದ ಮದುವೇಲಿ ಮೂಲೇಲಾದರೂ ಕಾಣ್ತಿದ್ದಳು. ಈಗ ಅದೂ ಇಲ್ಲ," ಎನ್ನುತ್ತಾಳೆ.

ಕಾಣದವಳು ನಮ್ಮೂರ ಹಿಮನದಿ. ಬಾಲ್ತಿಸ್ತಾನದ ನಮಗೆ ಕಪ್ಪು ಹಿಮ ಗಂಡು, ಬಿಳಿ ಹಿಮ ಹೆಣ್ಣು. ಮದುಮಗಳು ತಾಯಿ, ಅಜ್ಜಿಯರ ನಡುವೆ ಈ ಬಂಡೆಯ ಮೇಲೆ ಕೂತು, ಬೆನ್ನಿಗೆ ಆ ಬಿಳಿಯವಳನ್ನಿಟ್ಟುಕೊಂಡು ಫೋಟೊ ತೆಗೆಸಿಕೊಂಡೇ ಗಂಡನ ಮನೆಗೆ ಹೊರಡುವುದು. ಹೆಂಗಸರ ಫೋಟೊ ಹೆಂಗಸೇ ತೆಗೆಯಲಿ ಎಂದು ಕನೀಜಳ ತಂದೆ ಕ್ಯಾಮೆರಾ ಕೊಟ್ಟಾಗ ಅವಳಿಗೇ ಮದುವೆಯಾಗಿರಲಿಲ್ಲ. ಈಗಲೂ ಹಸು ಕರೆದು, ಹಿಟ್ಟು ನಾದಿಟ್ಟು ಬರುತ್ತಾಳೆ. ಅವಳ ಮನೆಯ ಗೋಡೆಯ ತುಂಬ ಮದುಮಗಳಂದಿರು. ಅವರ ಹಿಂದೆ ಹಿಮ ಮೊದಲು ಕಂಬಳಿಯಷ್ಟು, ಆಮೇಲೆ ಶಾಲಿನಷ್ಟು, ಆಮೇಲೆ ಕರವಸ್ತ್ರದಷ್ಟು.

ಇವತ್ತು ಶಹರ್‌ಬಾನೊಳ ಸರದಿ. "ಹಿಮ ಇಲ್ಲದಿದ್ದರೆ ನಾನು ಹೊರಡೋದಿಲ್ಲ," ಎಂದು ಕೂತೇಬಿಟ್ಟಿದ್ದಾಳೆ. ಮೇಲಿನ ದಿಬ್ಬದಿಂದ ಹಿಮ ಕಾಣುತ್ತದೆ. ಆದರೆ ಅಜ್ಜಿಯ ಮಂಡಿ ಅಲ್ಲಿಗೆ ಹತ್ತಲಾರದು. ಹಿಮ ಬೇಕೆಂದರೆ ಅಜ್ಜಿಯಿಲ್ಲ, ಅಜ್ಜಿ ಬೇಕೆಂದರೆ ಹಿಮವಿಲ್ಲ.

"ಸ್ಕರ್ದು ಪೇಟೆಯ ಫೋಟೊ ಅಂಗಡೀಲಿ ಬೇರೆ ಹಿಮ ಅಂಟಿಸಿ ಕೊಡ್ತಾರಂತಲ್ಲ," ಎನ್ನುತ್ತಾಳೆ ಮದುಮಗಳ ತಾಯಿ.

"ನಮ್ಮತ್ತೆ ಬರಲಿಲ್ಲ ಅಂತ ಪಕ್ಕದೂರಿನವರ ಅತ್ತೇನ ನಿಲ್ಲಿಸಲಾ?" ಕನೀಜ್ ನಗುತ್ತಾಳೆ. ಅಷ್ಟರಲ್ಲಿ ಅವಳ ಕಣ್ಣು ಪಕ್ಕದ ಕೊಟ್ಟಿಗೆಯ ಗೋಡೆಗೆ ಒರಗಿಸಿದ ಬುಟ್ಟಿಯ ಮೇಲೆ ಬೀಳುತ್ತದೆ. ಹೊಸ ಹಿಮ ಬೆಳೆಯಲೆಂದು ಗಂಡು ಹಿಮಕ್ಕೂ ಹೆಣ್ಣು ಹಿಮಕ್ಕೂ ಮದುವೆ ಮಾಡಿಸುವಾಗ ತುಂಡುಗಳನ್ನು ಬೆಟ್ಟಕ್ಕೆ ಹೊರುವ ಬುಟ್ಟಿ ಅದು. ಮದುಮಗಳ ಸೋದರಮಾವ ಗುಲಾಮ್ ತನ್ನ ತಾಯಿಯನ್ನು ಅದರಲ್ಲಿ ಕೂರಿಸಿ ಬೆನ್ನಿಗೇರಿಸುತ್ತಾನೆ.

"ಗುಲಾಮಣ್ಣ, ಹಿಮ ಹೊತ್ತವರು ದಾರೀಲಿ ಇಳಿಸಬಾರದು, ಮಾತೂ ಆಡಬಾರದು," ಕನೀಜ್ ನೆನಪಿಸುತ್ತಾಳೆ.

"ಅದು ಹೊತ್ತವನಿಗೆ," ಬುಟ್ಟಿಯೊಳಗಿಂದ ಅಜ್ಜಿ. "ನಾನು ಆಡ್ತೀನಿ. ನೆರಳಲ್ಲಿ ನಡಿಯೋ ಕತ್ತೆ, ಕರಗಿಬಿಟ್ಟೇನು."

ದಿಬ್ಬದಾಚೆ ಹಿಮ ಹೊಳೆಯುತ್ತಿದೆ, ಅಂಚಿನಲ್ಲಿ ತೊಟ್ಟಿಕ್ಕುತ್ತಿದೆ. "ಸ್ವಲ್ಪ ಹತ್ತಿರ ಬನ್ನಿ," ಕನೀಜ್ ಕೈಯಾಡಿಸುತ್ತಾಳೆ.

"ಯಾರಿಗೆ ಹೇಳ್ತಿದ್ದೀಯೇ, ನಮಗೋ ಅವಳಿಗೋ?" ಅಜ್ಜಿ ಕೇಳುತ್ತಾಳೆ. ಅಜ್ಜಿ, ತಾಯಿ, ಮದುಮಗಳು ಮೂವರೂ ನಗುತ್ತಾರೆ. ಕನೀಜ್ ಗುಂಡಿ ಒತ್ತುತ್ತಾಳೆ.

"ಅವಳು ನನ್ನ ಮಾತು ಕೇಳೋದು ಬಿಟ್ಟು ಎಷ್ಟೋ ಕಾಲ ಆಯ್ತು," ಇಳಿಯುವಾಗ ಕನೀಜ್ ಜೊತೆಗಿದ್ದ ನನಗೆ ಹೇಳುತ್ತಾಳೆ. "ಅವಳು ಹೋದಷ್ಟು ದೂರ ನಾವೇ ಹೋಗೋದು."

ನಿನಗೇನು ಆಸೆ ಎಂದು ಕೇಳುತ್ತೇನೆ. ಮುಂದೆ ತೂಗುತ್ತ ಹೋಗುತ್ತಿರುವ ಬುಟ್ಟಿಯನ್ನು ಗದ್ದವೆತ್ತಿ ತೋರಿಸುತ್ತಾಳೆ. "ನನ್ನ ಮೊಮ್ಮಗಳ ಮದುವೇಲಿ ನನ್ನನ್ನೂ ಹೀಗೇ ಹೊತ್ತುಕೊಂಡು ಹೋಗಲಿ. ಕ್ಯಾಮೆರಾ ಮಾತ್ರ ನನ್ನ ಕೈಲೇ ಇರಲಿ."